ನಟ್ಟಿನ ಮೇಲಿನ ಕೆಂಪು ಗೆರೆ

ನನ್ನ ಗಂಡ ಮುಖೇಶನ ಗ್ಯಾರೇಜಿನಲ್ಲಿ ಒಂದು ನಟ್ಟಿನ ಮೇಲೆ ಕೆಂಪು ಗೆರೆ ಬಿತ್ತೆಂದರೆ ಆಮೇಲೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೆರೆ ಎಳೆಯುವುದು ಉಗುರಿಗೆ ಹಚ್ಚುವ ಪಾಲಿಶಿನಲ್ಲಿ. ಪಾಲಿಶು ನನ್ನದು. ಮದುವೆಯಾದ ಹೊಸತರಲ್ಲಿ ಕನ್ನಡಿಯ ಮುಂದಿದ್ದ ಶೀಶೆ ಕಾಣೆಯಾದಾಗ ನಾನು ನಾದಿನಿ ಮೋಕ್ಷಾಳ ಮೇಲೆ ಗುಮಾನಿಪಟ್ಟು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದೆ. ನೋಡಿದರೆ ಅದು ವಾಮಂಜೂರಿನ ಗ್ಯಾರೇಜಿನಲ್ಲಿ, ಗ್ರೀಸ್ ಡಬ್ಬಿಯ ಪಕ್ಕ ಕೂತಿತ್ತು.

ನಟ್ಟನ್ನು ಎಷ್ಟು ಬೇಕೋ ಅಷ್ಟೇ ಬಿಗಿ ಮಾಡುವ ಉದ್ದ ಹಿಡಿಯ ಟಾರ್ಕ್ ರೆಂಚ್ ಇದೆ. ಅದು 'ಟಿಕ್' ಎಂದ ಮೇಲೆ ನಟ್ಟಿನಿಂದ ಬೋಲ್ಟಿಗೆ ಅಡ್ಡಲಾಗಿ ಒಂದು ಗೆರೆ. ಗೆರೆ ಇಲ್ಲದ ನಟ್ಟು ಇರುವ ಗಾಡಿ ಗೇಟು ದಾಟುವಂತಿಲ್ಲ. ಈ ಹಟಕ್ಕೆ ಕಾರಣ ನನ್ನ ಮಾವ ನೋಣಯ್ಯ. ಅವರು ಲಾರಿ ಓಡಿಸುತ್ತಿದ್ದವರು. ಘಾಟಿಯ ಆಚೆ ಯಾವುದೋ ಗ್ಯಾರೇಜಿನಲ್ಲಿ ಸ್ಟಿಯರಿಂಗಿನ ಕೆಲಸ ಮಾಡಿಸಿಕೊಂಡು ಇಳಿಯುವಾಗ ಶಿರಾಡಿಯಲ್ಲಿ ಲಾರಿ ಕೆಳಗೆ ಹೋಯಿತು. ಅಲ್ಲಿ ಕೆಲಸ ಮಾಡಿದ ಇಬ್ಬರಲ್ಲಿ, ನಟ್ಟನ್ನು ಅವನು ಬಿಗಿ ಮಾಡಿದ್ದಾನೆಂದು ಇವನೂ, ಇವನು ಮಾಡಿದ್ದಾನೆಂದು ಅವನೂ ತಿಳಿದುಕೊಂಡಿದ್ದರಂತೆ. ಮೋಕ್ಷಾ ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಇಂದಿಗೂ ಅವಳು ಆ ಗ್ಯಾರೇಜಿನವರನ್ನು ನೆನೆಸಿಕೊಂಡು ಹಲ್ಲು ಕಡಿಯುತ್ತಾಳೆ.

ಆದರೂ ಅವಳಿಗೆ ಗಾಡಿಯ ಹುಚ್ಚು. ಕೊಡಿಯಾಲ್‌ಬೈಲಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ. ವಾರವಿಡೀ ತನ್ನ ಹಳೆಯ ಕಾರಿನಲ್ಲಿ ಆ ಟ್ರಾಫಿಕ್ಕಿನಲ್ಲಿ ತೆವಳುತ್ತಾಳೆ, ರಜೆ ಸಿಕ್ಕಾಗ ಅದೇ ಕಾರನ್ನು ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ದು ಗಂಡಸರನ್ನು ಹಿಂದೆ ಹಾಕಿ ಬರುತ್ತಾಳೆ. ಕಾರಿನ ಒಂದೊಂದು ಬೋಲ್ಟನ್ನೂ ಅಣ್ಣನೇ ಮುಟ್ಟಬೇಕು, ಬೇರೆಯವರು ಮುಟ್ಟಿದರೆ ಅವಳಿಗೆ ಆಗದು.

ಕಳೆದ ಸಲ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಕಾರಿನ ಶಾಕ್ ಅಬ್ಸಾರ್ಬರ್‌ಗಳು ಕಾದು ಸುಸ್ತಾಗಿ, ತಿರುವಿನಲ್ಲಿ ಗಾಡಿ ತೊಟ್ಟಿಲಿನ ಹಾಗೆ ತೂಗಿತ್ತಂತೆ. ಹಾಗಾಗಿ ಈ ಸಲ ಅವಳು ಹೊರಗಡೆ ಡಬ್ಬಿ ಇರುವ ಜಾತಿಯದ್ದನ್ನು ತರಿಸಿದಳು. ಶಾಕಿನ ಕೊಳವೆ ಚಕ್ರದ ಹತ್ತಿರ, ಅದರ ಎಣ್ಣೆ ಮತ್ತು ಗ್ಯಾಸು ತುಂಬಿದ ಪುಟ್ಟ ಡಬ್ಬಿ ಬೇರೆ ಕಡೆ, ನಡುವೆ ಒಂದು ಗಟ್ಟಿ ಹೋಸ್. ಎಣ್ಣೆಗೆ ಜಾಗ ಹೆಚ್ಚು, ಬೇಗ ಕಾಯುವುದಿಲ್ಲ, ನೊರೆ ಬರುವುದಿಲ್ಲ. ಇಷ್ಟು ನನಗೂ ಗೊತ್ತು, ಯಾಕೆಂದರೆ ಗ್ಯಾರೇಜಿಗೆ ಸಾಮಾನು ತರಿಸುವ ಫೋನೆಲ್ಲ ನಾನೇ ಮಾಡುವುದು. ಆ ಪೆಟ್ಟಿಗೆ ಎಲ್ಲೆಲ್ಲೋ ಅಲೆದು ಕೊನೆಗೆ ಬಂದದ್ದು ಆಯುಧ ಪೂಜೆಯ ದಿನ ಬೆಳಿಗ್ಗೆ. ಮೋಕ್ಷಾ ಮರುದಿನ ಕೊಯಮತ್ತೂರಿಗೆ ಹೊರಡುವವಳು.

ಮುಖೇಶನೂ ಅವನ ಪಾಲುದಾರ ಮರ್ವಿನ್ನನೂ ಕೂಡಲೇ ಕೈ ಹಾಕಿದರು. ಮರ್ವಿನ್ ಕುಲಶೇಖರದವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕಲಿತು ಒಟ್ಟಿಗೇ ಗ್ಯಾರೇಜು ಹಾಕಿದವರು. ಮರ್ವಿನ್ನನದು ಮಾತು ಕಡಿಮೆ, ಕೆಲಸ ನಿಧಾನ, ಆದರೆ ಚೊಕ್ಕ. ಹಿಂದಿನ ಡಬ್ಬಿಗಳನ್ನು ಡಿಕ್ಕಿಯೊಳಗೆ, ಮುಂದಿನವನ್ನು ಇಂಜಿನಿನ ಪಕ್ಕ ಕ್ಲ್ಯಾಂಪು ಹಾಕಿ ಕೂರಿಸಿದರು. ಮುಖೇಶ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ತಿರುಗಿಸಿ, ಹೋಸ್ ಎಲ್ಲಾದರೂ ಟಯರಿಗೆ ಉಜ್ಜುತ್ತದೋ ಎಂದು ನೆಲದಲ್ಲಿ ಮಲಗಿ ನೋಡಿದ. ಅವನ ಕೆಲಸದಲ್ಲಿ ಎಂದೂ ತಪ್ಪು ಹುಡುಕಲಾಗುವುದಿಲ್ಲ. ಹೆಂಡತಿಯಾಗಿ ನಾನೇ ಹೇಳುತ್ತೇನೆಂದರೆ ನಂಬಬೇಕು.

ಉಳಿದದ್ದು ಒಂದೇ ಕೆಲಸ. ಶಾಕಿನ ಬುಡದ ನಟ್ಟುಗಳನ್ನು ಗಾಡಿ ಎತ್ತಿಟ್ಟಿರುವಾಗ ಬಿಗಿ ಮಾಡಬಾರದು, ಒಳಗಿನ ರಬ್ಬರು ತಿರುಚಿ ಹರಿಯುತ್ತದೆ. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಬೇಕು, ಚಕ್ರ ಹಾಕಿ ಗಾಡಿ ಕೆಳಗಿಳಿಸಬೇಕು, ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ. ಗಾಡಿ ಇಳಿಸುವ ಹೊತ್ತಿಗೆ ಪೂಜೆಯ ಭಟ್ರು ಬಂದಾಗಿತ್ತು. ಅವರಿಗೆ ಅಂದು ಇನ್ನೆಷ್ಟೋ ಗ್ಯಾರೇಜುಗಳು. ಮುಖೇಶನ ತಾಯಿ ಅಪ್ಪಿ, ಅಂದರೆ ನನ್ನ ಅತ್ತೆ, ತೊಳೆದ ಸ್ಪ್ಯಾನರುಗಳನ್ನೆಲ್ಲ ಹಲಗೆಯ ಮೇಲೆ ಜೋಡಿಸಿ, ಅವನ ಕೈಯಲ್ಲಿದ್ದ ಟಾರ್ಕ್ ರೆಂಚಿಗೂ ಕೈ ನೀಡಿದರು. ಒಂದು ಗಳಿಗೆ ತಾಳಮ್ಮ ಎಂದ ಮುಖೇಶ. ಭಟ್ರು ವಾಚು ನೋಡಿದರು. ಅವನು ರೆಂಚನ್ನು ತಾಯಿಯ ಕೈಗೆ ಕೊಟ್ಟುಬಿಟ್ಟ.

ಒಮ್ಮೆ ಪೂಜೆಗಿಟ್ಟ ಹತಾರವನ್ನು ಮರುದಿನ ಬೆಳಿಗ್ಗೆ ಊದುಬತ್ತಿ ಬೆಳಗುವವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ಹಾಗಾಗಿ ಸಂಜೆ ಅವಲಕ್ಕಿ ತಿಂದು ಮನೆಗೆ ಹೊರಟ ಮರ್ವಿನ್ನನಿಗೆ ಮುಖೇಶ ನನ್ನೆದುರೇ ಹೇಳಿದ, "ನಾಳೆ ಬೆಳಿಗ್ಗೆ ನಾನು ಹುಲಿಯವರ ಒಟ್ಟಿಗೆ ಹೋಗ್ತೇನೆ. ಕೆಂಪು ಇಲ್ಲದ್ದನ್ನೆಲ್ಲ ನೀನು ಟೈಟ್ ಮಾಡಿ ಗೆರೆ ಎಳೆದು ಮೋಕ್ಷನಿಗೆ ಗಾಡಿ ಕೊಡು, ಆಯ್ತಾ?" ಮರ್ವಿನ್ ಆಯ್ತು ಎಂದ. ಮುಖೇಶ ಹುಲಿವೇಷದ ತಂಡಕ್ಕೆ ತಾಸೆ ಬಾರಿಸುವವನು, ದಸರೆಯಲ್ಲಿ ಆ ಒಂದು ದಿನ ಅವನು ನಮಗೆ ಸಿಗುವುದಿಲ್ಲ.

ಮುಂದಿನದನ್ನು ನಾನು ನೋಡಿದ್ದಲ್ಲ, ಅತ್ತೆಯೇ ಆಮೇಲೆ ಹೇಳಿದ್ದು. ನಾವೆಲ್ಲ ಪ್ರಸಾದ ಹಂಚಲು ನೆರೆಮನೆಗಳಿಗೆ ಹೋಗಿದ್ದಾಗ ಅವರು ಒಬ್ಬರೇ ಗ್ಯಾರೇಜಿನಲ್ಲಿದ್ದರು. ಮಗಳು ನಾಳೆ ಘಾಟಿ ಹತ್ತುವವಳು ಎಂಬುದು ಅವರ ಎದೆಯಲ್ಲಿ ಬೆಳಿಗ್ಗೆಯಿಂದ ಕುಟ್ಟುತ್ತಿತ್ತು. ಕಾರಿನ ಪಕ್ಕ ಕೂತು, ಸೆರಗು ಸಿಕ್ಕಿಸಿ, ಚಕ್ರದ ಹಿಂದೆ ಬಗ್ಗಿ ನೋಡಿದರು. ಮಗ ಹೊಸದಾಗಿ ಹಾಕಿದ ಸಾಮಾನುಗಳು ಹೊಳೆಯುತ್ತಿದ್ದವು. ಬುಡದ ನಟ್ಟುಗಳಿಗೆ ಮಾತ್ರ ಕೆಂಪು ಇರಲಿಲ್ಲ.

ಇಷ್ಟು ವರ್ಷ ಅವರು ಆ ಕೆಂಪನ್ನು ಏನೆಂದು ತಿಳಿದಿದ್ದರೆನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮಗ ಪ್ರತಿ ಗಾಡಿಯ ನಟ್ಟಿಗೂ ಕೆಂಪು ಹಚ್ಚುವುದು ಕಂಡು, ಕೆಟ್ಟದ್ದು ತಾಗದಿರಲೆಂದು ಹಚ್ಚುತ್ತಾನೆ ಎಂದುಕೊಂಡಿದ್ದರು. ಬೇರೆಯವರ ಗಾಡಿಗೆಲ್ಲ ಹಾಕುವವನು ತಂಗಿಯ ಗಾಡಿಗೆ ಮರೆತನಲ್ಲ ಎಂದು ಅವರಿಗೆ ಗಾಬರಿಯಾಯಿತು. ಪೂಜೆಯ ತಟ್ಟೆಯಲ್ಲಿ ಕುಂಕುಮದ ಭರಣಿ ಇತ್ತು. ಮಾವ ಹೋದ ಮೇಲೆ ಅತ್ತೆ ಅದನ್ನು ಮುಟ್ಟಿದವರಲ್ಲ. ಹೂ ಕಟ್ಟುತ್ತಾರೆ, ಬತ್ತಿ ಹೊಸೆಯುತ್ತಾರೆ, ಕುಂಕುಮ ಮಾತ್ರ ನನ್ನ ಕಡೆಗೆ ಸರಿಸುತ್ತಾರೆ. ಈ ಕಟ್ಟಳೆ ಕಂಡರೆ ನನಗೆ ಮೈ ಉರಿಯುತ್ತದೆ. ಎಷ್ಟೋ ಸಲ ಜಗಳ ಆಡಿ ಸೋತಿದ್ದೇನೆ.

ಆ ಸಂಜೆ ಅವರು ಅತ್ತಿತ್ತ ನೋಡಿ ಭರಣಿ ತೆಗೆದರು. ದೀಪದ ಬಟ್ಟಲಿನ ತೆಂಗಿನೆಣ್ಣೆಯಲ್ಲಿ ಕಲಸಿ, ಬೆರಳ ತುದಿಯಲ್ಲಿ ತೆಗೆದು, ಮಗ ಹೇಗೆ ಎಳೆಯುತ್ತಾನೋ ಹಾಗೆಯೇ ನಟ್ಟಿನಿಂದ ಬೋಲ್ಟಿಗೆ ಅಡ್ಡವಾಗಿ ಒಂದೊಂದು ಗೆರೆ ಎಳೆದರು. ಒಂದನ್ನೂ ಬಿಡಲಿಲ್ಲ.

ಬೆಳಿಗ್ಗೆ ಮುಖೇಶ ಹತಾರಗಳಿಗೆ ಊದುಬತ್ತಿ ಬೆಳಗಿ, ಹುಲಿಗಳ ಟೆಂಪೋ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಂತೆ ತಾಸೆ ಹೆಗಲಿಗೇರಿಸಿಕೊಂಡು ಓಡಿದ. ಮರ್ವಿನ್ ಬಂದು ಟಾರ್ಚು ಹಿಡಿದು ಕಾರಿನ ಅಡಿ ಮಲಗಿದ. ನಾನು ಆಗ ಅಂಗಳ ಗುಡಿಸುತ್ತಿದ್ದೆ. ಅವನು ಮುಂದಿನ ಚಕ್ರ ನೋಡಿದ, ಹಿಂದಿನದು ನೋಡಿದ, ಇನ್ನೊಂದು ಬದಿಗೂ ಹೋಗಿ ನೋಡಿದ. ಎದ್ದು ಬೆನ್ನು ಕೊಡವಿಕೊಳ್ಳುತ್ತ, ಮುಖೇಶ ತಾನೇ ಮುಗಿಸಿ ಹೋಗಿದ್ದಾನೆ, ಎಲ್ಲದಕ್ಕೂ ಕೆಂಪು ಉಂಟು ಎಂದ. ತಂಗಿಯ ಗಾಡಿ ಅಲ್ವಾ, ಮನಸ್ಸು ಕೇಳಿರಲಿಕ್ಕಿಲ್ಲ ಎಂದು ನಾನೂ ನಕ್ಕೆ.

ಮೋಕ್ಷಾ ಬ್ಯಾಗು, ಹೆಲ್ಮೆಟ್ಟು ತುಂಬಿಸಿದಳು. ಅತ್ತೆ ಗೇಟಿನವರೆಗೆ ಬಂದು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದರು. ಸುಳ್ಯದಲ್ಲಿ ಗೆಳತಿ ಶರೊನ್‌ಳ ಮನೆಯಲ್ಲಿ ಊಟ, ಆಮೇಲೆ ಸಂಪಾಜೆ ಘಾಟಿ, ರಾತ್ರಿಗೆ ಮೈಸೂರು ಎಂದಳು ಮೋಕ್ಷಾ. ಕಾರು ಗೇಟಿನ ಉಬ್ಬು ಹತ್ತಿ ಇಳಿಯುವಾಗ ಹಿಂದಿನಿಂದ 'ಟಕ್' ಎಂದು ಒಂದು ಸಣ್ಣ ಸದ್ದು ಕೇಳಿತು. ಹೊಸ ಸಾಮಾನು, ಕೂರಬೇಕಷ್ಟೆ ಎಂದ ಮರ್ವಿನ್.

ಮಧ್ಯಾಹ್ನ ಮುಖೇಶ ಬಂದ. ತಾಸೆ ಬಾರಿಸಿ ಬಾರಿಸಿ ಕೈ ಕೆಂಪಾಗಿತ್ತು, ಕಿವಿಯಲ್ಲಿ ಇನ್ನೂ ಅದೇ ಸದ್ದು ಎನ್ನುತ್ತಿದ್ದ. ಊಟಕ್ಕೆ ಮೊದಲು ಹತಾರ ಎತ್ತಿಡೋಣವೆಂದು ಹಲಗೆಯ ಹತ್ತಿರ ಹೋದವನು ಅಲ್ಲೇ ನಿಂತ. ನಾನು ಏನೆಂದು ಹೋಗಿ ನೋಡಿದೆ. ಟಾರ್ಕ್ ರೆಂಚಿನ ಹಿಡಿಯ ಮೇಲೆ ಭಟ್ರು ಹಚ್ಚಿದ ಗಂಧ ಒಣಗಿ ಬೆಳ್ಳಗಾಗಿತ್ತು. ಅದರ ಮೇಲೆ ಒಂದು ಸೇವಂತಿಗೆಯ ಎಸಳು ಅಂಟಿಕೊಂಡಿತ್ತು. ಆ ಹಿಡಿಯನ್ನು ಯಾರೂ ಮುಟ್ಟಿರಲಿಲ್ಲ.

"ಮರ್ವಿನ್, ಮೋಕ್ಷನ ಗಾಡಿ ಯಾವುದರಲ್ಲಿ ಟೈಟ್ ಮಾಡಿದೆ?"

"ನಾನು ಮಾಡ್ಲಿಲ್ಲ ಮಾರಾಯ. ನೀನೇ ಮಾಡಿದ್ದೆ ಅಲ್ವಾ? ಎಲ್ಲದಕ್ಕೂ ಗೆರೆ ಇತ್ತು."

"ನಾನು ಗೆರೆ ಎಳೆಯಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾವನ ಲಾರಿಯ ವಿಷಯವನ್ನು ನಾನು ಈ ಮನೆಯಲ್ಲಿ ಅದೆಷ್ಟು ಸಲ ಕೇಳಿದ್ದೇನೋ. ಅವನು ಮಾಡಿದ್ದಾನೆಂದು ಇವನು, ಇವನು ಮಾಡಿದ್ದಾನೆಂದು ಅವನು.

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಊಟಕ್ಕೆ ಕರೆಯಲು ಬಂದವರು. "ಗೆರೆ ನಾನು ಹಾಕಿದ್ದು ಮಗಾ," ಎಂದರು. "ನೀನು ಮರೆತಿದ್ದೆ ಅಲ್ವಾ?" ಅವರ ಬೆರಳ ತುದಿ ಇನ್ನೂ ಕೆಂಪಾಗಿತ್ತು.

ನಾನು ಆಗಲೇ ಮೋಕ್ಷಾಳಿಗೆ ಫೋನು ಮಾಡುತ್ತಿದ್ದೆ. ಕಾರು ಓಡಿಸುವಾಗ ಅವಳು ಫೋನನ್ನು ಬ್ಯಾಗಿನೊಳಗೆ ಹಾಕಿಬಿಡುತ್ತಾಳೆ, ಎಷ್ಟು ಹೊಡೆದರೂ ಎತ್ತುವುದಿಲ್ಲ. ಅದನ್ನು ಅವಳಿಗೆ ಕಲಿಸಿದವನೂ ಅಣ್ಣನೇ. ಶರೊನ್‌ಳಿಗೆ ಮಾಡಿದರೆ, ಊಟ ಮುಗಿಸಿ ಹೊರಟು ಸ್ವಲ್ಪ ಹೊತ್ತಾಯಿತು ಎಂದಳು. ಮುಖೇಶನ ಫೋನಿನಲ್ಲಿ ಮಾತ್ರ ಅವಳ ಒಂದು ವಾಯ್ಸ್ ಮೆಸೇಜು ಬಂದು ಬಿದ್ದಿತ್ತು. ತಾಸೆಯ ಗದ್ದಲದಲ್ಲಿ ಅವನು ನೋಡಿರಲಿಲ್ಲ. ಅದನ್ನು ಹಚ್ಚಿದಾಗ ಅವಳ ದನಿ ಗ್ಯಾರೇಜಿನಲ್ಲಿ ಆರಾಮವಾಗಿ ಕೇಳಿಸಿತು: "ಅಣ್ಣ, ಹಂಪ್ ಹತ್ತುವಾಗ ಹಿಂದೆ ಟಕ್ ಟಕ್ ಹೇಳ್ತದೆ. ನಿಲ್ಲಿಸಿ ನೋಡಿದೆ, ನಿನ್ನ ಕೆಂಪು ಎಲ್ಲದಕ್ಕೂ ಉಂಟು. ಹಾಗಾಗಿ ಅದಲ್ಲ. ಡಿಕ್ಕಿಯ ಡಬ್ಬಿ ಇರಬೇಕು, ಮೈಸೂರಲ್ಲಿ ನೋಡ್ತೇನೆ."

ನಿನ್ನ ಕೆಂಪು ಉಂಟು, ಹಾಗಾಗಿ ಅದಲ್ಲ. ಆ ಮಾತು ಕೇಳಿ ನನಗೆ ಅಳು ಬಂತು.

ಮರ್ವಿನ್ ಜೀಪು ತೆಗೆದ. ಮುಖೇಶ ರೆಂಚು, ಸ್ಪ್ಯಾನರು, ಒಂದು ಹಿಡಿ ನಟ್ಟು ಬೋಲ್ಟು ಹಿಂದೆ ಎಸೆದ. ನಾನು ಪಾಲಿಶಿನ ಶೀಶೆಯನ್ನು ಯಾಕೆ ತೆಗೆದುಕೊಂಡೆನೋ ತಿಳಿಯದು, ಕೈಗೆ ಸಿಕ್ಕಿತು, ಹಾಕಿಕೊಂಡೆ. ಅತ್ತೆಯನ್ನು ಮನೆಯಲ್ಲಿರಿ ಎಂದೆವು. ಅವರು ಕೇಳಿಸಿಕೊಳ್ಳದವರ ಹಾಗೆ ಹತ್ತಿ ನನ್ನ ಪಕ್ಕ ಕೂತರು.

ಬಿ.ಸಿ.ರೋಡ್, ಮಾಣಿ, ಪುತ್ತೂರು. ಎಲ್ಲ ಕಡೆ ಹಬ್ಬ. ಎದುರು ಬರುವ ಪ್ರತಿ ಲಾರಿಯ ಮೂತಿಗೂ ಹೂವಿನ ಮಾಲೆ, ಬಸ್ಸುಗಳ ಗಾಜಿಗೆ ಕುಂಕುಮ. ಮರ್ವಿನ್ ಓಡಿಸುತ್ತಲೇ ತುಟಿಯಲ್ಲಿ ಜಪ ಮಾಡುತ್ತಿದ್ದ. ಮುಖೇಶ ಫೋನು ಒತ್ತುತ್ತಲೇ ಇದ್ದ. ಮೊದಮೊದಲು ರಿಂಗಾದದ್ದು ನಾವು ಮಾಣಿ ದಾಟುವಾಗ ಸಿಗದೇ ಹೋಯಿತು. ಅಂದರೆ ಅವಳು ಕಾಡಿನ ದಾರಿ ಹಿಡಿದಿದ್ದಾಳೆ, ಘಾಟಿ ಶುರುವಾಗಿದೆ.

ಅತ್ತೆ ಮೆಲ್ಲಗೆ ಕೇಳಿದರು, "ನಾನು ಮುಟ್ಟಿದ್ದಕ್ಕೆ ಆಯ್ತಾ?"

"ಮುಟ್ಟಿದ್ದಕ್ಕೆ ಅಲ್ಲಮ್ಮ. ಟೈಟ್ ಮಾಡದ್ದಕ್ಕೆ," ಎಂದ ಮುಖೇಶ, ತಿರುಗಿ ನೋಡದೆ.

"ನಾನು ಮುಟ್ಟಬಾರದಿತ್ತು. ಗಂಡ ಹೋದವಳು ನಾನು. ಅದೂ ಗಾಡಿಯಲ್ಲೇ ಹೋದದ್ದು."

ನಾನು ಸಿಟ್ಟಿನಿಂದ ಏನೋ ಹೇಳಿದೆ, ಹಾಗೆಲ್ಲ ಇಲ್ಲ ಅತ್ತೆ, ನಟ್ಟಿಗೆ ಯಾರ ಕೈಯೆಂದು ಗೊತ್ತಾಗುತ್ತದಾ ಎಂದೆಲ್ಲ. ಅವರಿಗೆ ನನ್ನ ಮಾತು ತಾಗಲಿಲ್ಲ. ಮೋಕ್ಷಾಳಿಗೆ ಏನಾದರೂ ಆದರೆ ಈ ಹೆಂಗಸು ಇನ್ನು ಬದುಕಿದ್ದಷ್ಟು ದಿನ ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಾರೆ ಎಂದು ನನಗೆ ಸ್ಪಷ್ಟವಾಯಿತು. ಮುಖೇಶನಿಗೂ ಆಗಿರಬೇಕು. ಅವನು ಕನ್ನಡಿಯಲ್ಲಿ ತಾಯಿಯ ಮುಖವನ್ನು ಒಮ್ಮೆ ನೋಡಿದ.

ಪುತ್ತೂರು ದಾಟುವಾಗ ಫೋನು ರಿಂಗಾಯಿತು. ಅವಳೇ. ಮುಖೇಶ ಸ್ಪೀಕರ್ ಒತ್ತಿದ.

"ಅಣ್ಣ, ಸದ್ದು ಜಾಸ್ತಿ ಆಯ್ತು. ತಿರುವಿನಲ್ಲಿ ಹಿಂದಿನಿಂದ ಎಳೆದ ಹಾಗೆ ಆಗ್ತದೆ. ಬದಿಗೆ ಹಾಕಿದ್ದೇನೆ. ಪುನಃ ನೋಡಿದೆ, ಈ ಬದಿ ಕೆಂಪು ಉಂಟು. ನಿಧಾನ ಹತ್ತಿಸಿ ಮಡಿಕೇರಿಗೆ ಹೋಗ್ಲಾ?"

"ಇಂಜಿನ್ ಆಫ್ ಮಾಡು," ಎಂದ ಮುಖೇಶ. ದನಿ ಏರಿಸಲಿಲ್ಲ. "ಆ ಕೆಂಪನ್ನು ಬೆರಳಲ್ಲಿ ಉಜ್ಜು."

ಒಂದು ಬಸ್ಸು ಹಾದುಹೋದ ಸದ್ದು ಕೇಳಿತು.

"ಕೈಗೆ ಬಂತು," ಎಂದಳು. "ಎಣ್ಣೆ ವಾಸನೆ. ತೆಂಗಿನೆಣ್ಣೆ." ನಟ್ಟನ್ನು ಹಿಡಿದು ನೋಡಿರಬೇಕು. "ನಟ್ಟು ಬೆರಳಲ್ಲೇ ತಿರುಗ್ತದೆ ಅಣ್ಣ." ಅವಳು ಇನ್ನೊಂದು ಬದಿಗೆ ಹೋಗಿರಬೇಕು, ಕಲ್ಲಿನ ಮೇಲೆ ಹೆಜ್ಜೆ ಕೇಳಿಸಿತು. "ಇಲ್ಲಿ ನಟ್ಟೇ ಇಲ್ಲ. ಬೋಲ್ಟು ಅರ್ಧ ಹೊರಗೆ ಬಂದಿದೆ. ಮುಂದೆ ಪೂರಾ ಕಣಿವೆ."

ಅತ್ತೆ ನನ್ನ ತೋಳು ಹಿಡಿದುಕೊಂಡರು. ಮೋಕ್ಷಾಳ ದನಿ ಈಗ ಬೇರೆಯಾಗಿತ್ತು.

"ಇದು ಯಾರು ಹಾಕಿದ್ದು?"

ಅತ್ತೆ ಬಾಯಿ ತೆರೆದರು. ಮುಖೇಶ ಹಿಂದೆ ಕೈ ಚಾಚಿ ಅವರ ಮೊಣಕಾಲನ್ನು ಗಟ್ಟಿಯಾಗಿ ಒತ್ತಿ ಹಿಡಿದ.

"ನಾನೇ," ಎಂದ. "ಪಾಲಿಶ್ ಮುಗಿದಿತ್ತು. ಕುಂಕುಮ ಕಲಸಿ ಎಳೆದೆ."

"ಟೈಟ್ ಮಾಡದೆ?"

"ಆಮೇಲೆ ಮಾಡುವ ಅಂತ. ಮರೆತೆ."

ಪಾಲಿಶಿನ ಶೀಶೆ ನನ್ನ ಮಡಿಲಲ್ಲೇ ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡು.

"ಅಪ್ಪನ ಲಾರಿಯವರಿಗೂ ನಿನಗೂ ಎಂತ ವ್ಯತ್ಯಾಸ ಅಣ್ಣ?"

"ಎಂತ ಇಲ್ಲ," ಎಂದ ಮುಖೇಶ.

ನಾವು ಮುಟ್ಟಿದಾಗ ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಎದ್ದು ಬಂದು ಅಣ್ಣನ ಕೈಯಿಂದ ರೆಂಚನ್ನು ತೆಗೆದುಕೊಂಡಳು. ಅವನು ಕೊಟ್ಟ. ಮರ್ವಿನ್ ಹೊಸ ಬೋಲ್ಟು ಕೂರಿಸಿದ, ಅವಳು ನೆಲದಲ್ಲಿ ಮಲಗಿ ಎಲ್ಲ ನಟ್ಟುಗಳನ್ನೂ ತಾನೇ ಬಿಗಿ ಮಾಡಿದಳು. ಪ್ರತಿ ಸಲ 'ಟಿಕ್' ಎಂದಾಗ ಮುಖೇಶನ ಕಣ್ಣು ಅತ್ತ ಹೋಗುತ್ತಿತ್ತು, ಆದರೆ ಹತ್ತಿರ ಹೋಗಲಿಲ್ಲ. ಕುಂಕುಮವನ್ನು ಬಟ್ಟೆಯಲ್ಲಿ ಒರೆಸಿ ತೆಗೆದಳು. ಗೆರೆ ಎಳೆಯಲು ನಾನು ಶೀಶೆ ಕೊಟ್ಟೆ. ಅದು ತುಂಬಿರುವುದನ್ನು ಅವಳು ನೋಡಿದಳೋ ಇಲ್ಲವೋ, ಹೊಸತು ಎಂದುಕೊಂಡಳೋ, ಏನೂ ಕೇಳಲಿಲ್ಲ. ಹೇಳಿಬಿಡಲೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಮುಖೇಶ ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡೆ.

ಮನೆಗೆ ಹಿಂತಿರುಗು ಎಂದರೆ ಒಪ್ಪಲಿಲ್ಲ. ಬಂದದ್ದು ಬಂದಾಯಿತು, ಹೋಗುತ್ತೇನೆ ಎಂದಳು. ಕಾರಿನ ಬಾಗಿಲು ತೆರೆದವಳು ನಿಂತು, ಅಣ್ಣನ ಕಡೆ ನೋಡದೆ, ಅತ್ತೆಯ ಎದುರು ಬಂದಳು.

"ಅಮ್ಮ, ಇನ್ನು ನನ್ನ ಗಾಡಿಗೆ ಇವನ ಕೈ ಬೇಡ. ನೀನು ಒಂದು ಸಲ ಮುಟ್ಟಿ ಕಳಿಸು, ಅಷ್ಟು ಸಾಕು ನನಗೆ."

ಅತ್ತೆಯ ಮುಖ ಸುಟ್ಟ ಹಾಗಾಯಿತು. ಮುಟ್ಟಮ್ಮ ಎಂದ ಮುಖೇಶ ಹಿಂದಿನಿಂದ, ಬಹಳ ಮೆತ್ತಗೆ. ಮೋಕ್ಷಾ ಕಾದಳು. ಅತ್ತೆ ಅಲ್ಲಾಡಲಿಲ್ಲ. ತಾನು ಹೋಗುವುದು ಅಮ್ಮನಿಗೆ ಇಷ್ಟವಿಲ್ಲ ಎಂದು ತಿಳಿದುಕೊಂಡಿರಬೇಕು ಹುಡುಗಿ. ತುಟಿ ಕಚ್ಚಿ, ಆಯ್ತು ಎಂದು ಹೇಳಿ, ಹೋಗಿ ಕೂತು ಕಾರು ಶುರು ಮಾಡಿದಳು.

ಕಾರು ಮೊದಲ ತಿರುವು ಹತ್ತಿತು, ಎರಡನೆಯದು ಹತ್ತಿತು. ನಾವು ನಾಲ್ವರೂ 'ಟಕ್' ಸದ್ದು ಬರುತ್ತದೋ ಎಂದು ಕಿವಿಗೊಟ್ಟು ನಿಂತಿದ್ದೆವು. ಇಂಜಿನಿನ ದನಿ ಮರಗಳ ಹಿಂದೆ ಸಣ್ಣದಾಗುತ್ತಾ ಹೋಗಿ ನಿಂತುಹೋಯಿತು. ಅತ್ತೆ ಬಲಗೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದರು, ಮನೆಗೆ ಬರುವವರೆಗೂ ಹೊರಗೆ ತೆಗೆಯಲಿಲ್ಲ.